ನಿರುದ್ಯೋಗಿಗಳ ತರಬೇತಿ : ಒಂದು ವಿಮರ್ಶೆ

ನಿರುದ್ಯೋಗವು ನಮ್ಮ ನಾಡಿನ ಹಳೆಯ ವ್ಯಾಧಿ. ಅದಕ್ಕೆ ಕೊಡುತ್ತ ಬಂದಿರುವ ಔಷಧಿಯ ಹೆಸರು ಮಾತ್ರ ಕಾಲಕಾಲಕ್ಕೆ ಬದಲಾಗುತ್ತಿದೆ. ಗ್ರಾಮೀಣ ಯುವಕರಿಗೆ ಸ್ವಯಂ ಉದ್ಯೋಗದ ತರಬೇತಿ ಕೊಡಬೇಕೆಂದು ಕೇಂದ್ರ ಸರ್ಕಾರವು 1979ರಲ್ಲಿ ‘ಟ್ರೈಸೆಂ’ ಎಂಬ ಯೋಜನೆಯನ್ನು ಆರಂಭಿಸಿತು. ಇಪ್ಪತ್ತು ವರ್ಷಗಳ ತರುವಾಯ, 1999ರಲ್ಲಿ, ಅದು ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ಲೀನವಾಯಿತು. ಬಳಿಕ 2014ರಲ್ಲಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, 2017ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಒಂದರ ಹಿಂದೊಂದು ಬಂದವು. ಇವೆಲ್ಲವುಗಳ ಸದುದ್ದೇಶದಲ್ಲಿ ನಮಗೆ ಸಂಶಯವಿಲ್ಲ. ಆದರೆ ಸದುದ್ದೇಶವೊಂದೇ ಫಲದ ಪ್ರಮಾಣವಾಗಲಾರದು. ಆದುದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅನುಭವವನ್ನು ಮುಂದಿಟ್ಟುಕೊಂಡು ಈ ಯೋಜನೆಗಳನ್ನು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಯೋಜನೆಗಳೆಲ್ಲದರ ತಳಹದಿಯಲ್ಲಿ ಒಂದು ನಂಬಿಕೆ ಅಡಗಿದೆ. ಕೆಲಸಗಳು ಇವೆ, ಆದರೆ ಅವುಗಳಿಗೆ ತಕ್ಕ ಯೋಗ್ಯತೆ ನಮ್ಮ ತರುಣರಲ್ಲಿ ಇಲ್ಲ. ಆ ಯೋಗ್ಯತೆಯನ್ನು ಕೆಲವು ವಾರಗಳಲ್ಲಿ ತುಂಬಿಕೊಟ್ಟರೆ ಅವರು ತಾವಾಗಿಯೇ ಕೆಲಸಕ್ಕೆ ಸೇರುತ್ತಾರೆ ಎಂಬುದೇ ಆ ನಂಬಿಕೆ. ಇದಕ್ಕೆ ‘ಉದ್ಯೋಗಾರ್ಹತೆ’ ಎಂಬ ಗಂಭೀರವಾದ ಹೆಸರೂ ಸಿಕ್ಕಿದೆ. ಅರ್ಥಾತ್, ಕೊರತೆಯಿರುವುದು ಉದ್ಯೋಗದಲ್ಲಲ್ಲ, ಉದ್ಯೋಗವನ್ನು ಅರಸುವವನಲ್ಲಿ ಎಂದು ಮೊದಲೇ ತೀರ್ಮಾನವಾಗಿಬಿಟ್ಟಿದೆ. ಈ ತೀರ್ಮಾನ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಕೋಲಾರ ಜಿಲ್ಲೆಯ ಚರಿತ್ರೆಯೇ ನಮಗೆ ಹೇಳಬಲ್ಲದು.

ಮೊದಲನೆಯದಾಗಿ ಚಿನ್ನದ ಗಣಿಯ ಉದಾಹರಣೆ. 1880ರಿಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿ ಬೆಳೆದ ಕೋಲಾರದ ಗಣಿಗಳು ಪ್ರಪಂಚದ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿದ್ದವು. ಅಷ್ಟು ಆಳದ ಕತ್ತಲೆಯಲ್ಲಿ, ಆ ಬಿಸಿಯಲ್ಲಿ, ಬಂಡೆಯ ಸ್ವಭಾವವನ್ನರಿತು ಕೆಲಸ ಮಾಡುತ್ತಿದ್ದವರನ್ನು ಅಕುಶಲಿಗಳೆಂದು ಯಾರು ತಾನೇ ಕರೆದಾರು? ತಂದೆಯಿಂದ ಮಗನಿಗೆ, ಹಿರಿಯನಿಂದ ಕಿರಿಯನಿಗೆ ಇಳಿದು ಬಂದ ವಿದ್ಯೆ ಅದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಆ ಕುಶಲಿಗಳೇ ನಿರುದ್ಯೋಗಿಗಳಾದರು. ಅವರ ಕೈಯ ಕೌಶಲ ಹಿಂದಿನ ದಿನವಿದ್ದಂತೆಯೇ ಇತ್ತು, ಇಲ್ಲವಾದದ್ದು ಕೆಲಸ. ಅವರ ಮಕ್ಕಳಲ್ಲಿ ಬಹುಮಂದಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಬಾಳಿಗೆ ಒಗ್ಗಿಕೊಳ್ಳಬೇಕಾಯಿತು. ಕೌಶಲವಿದ್ದ ಮಾತ್ರಕ್ಕೆ ಉದ್ಯೋಗ ಬರುವುದಿಲ್ಲವೆಂಬ ಪಾಠವನ್ನು ಈ ಜಿಲ್ಲೆ ಬಹು ದುಬಾರಿ ಬೆಲೆ ತೆತ್ತು ಕಲಿತಿದೆ.

ಎರಡನೆಯದು ಇದಕ್ಕೆ ವಿರುದ್ಧವಾದ ಉದಾಹರಣೆ. ಕೆಲಸಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದ ಸ್ಥಳದ್ದು. ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ ಆರಂಭವಾಯಿತು. ಮುಂದೆ ಅದೇ ಪ್ರದೇಶದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯೂ ಬಂತು. ಐ.ಟಿ.ಐ., ಡಿಪ್ಲೊಮಾ ಮುಗಿಸಿದವರೂ ಇಂಜಿನಿಯರಿಂಗ್ ಪದವೀಧರರೂ ಅಲ್ಲಿಗೆ ಧಾವಿಸಿದರು. ಅಲ್ಪಕಾಲದಲ್ಲಿಯೇ ಕೆಲಸಗಾರರ ಸಂಖ್ಯೆ 5,000ದಿಂದ 10,000ವನ್ನು ಮೀರಿತು. ಅವರಲ್ಲಿ ಕಂಪನಿಯ ಸ್ವಂತ ನೌಕರರು ಅಲ್ಪಸಂಖ್ಯಾತರು. ಉಳಿದವರೆಲ್ಲ ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಇಂಜಿನಿಯರಿಂಗ್ ಪದವೀಧರರಿಗೆ ತಿಂಗಳಿಗೆ 21,000 ರೂಪಾಯಿ ಎಂದು ಹೇಳಿ 16,000 ಕೊಟ್ಟರು, ಬಳಿಕ 12,000ಕ್ಕೆ ಇಳಿಸಿದರು ಎಂಬ ದೂರು ಅಂದಿನ ಪತ್ರಿಕೆಗಳಲ್ಲಿ ವರದಿಯಾಯಿತು. ಕೆಲಸದ ಅವಧಿಯನ್ನು ಹನ್ನೆರಡು ಗಂಟೆಗೆ ಏರಿಸಲಾಗಿತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಅಸಮಾಧಾನ ಸ್ಫೋಟಿಸಿ ಕಾರ್ಖಾನೆಯ ಗಾಜು, ಯಂತ್ರ, ವಾಹನಗಳು ಧ್ವಂಸವಾದವು. ಹಿಂಸೆಯನ್ನು ನಾವು ಸರ್ವಥಾ ಸಮರ್ಥಿಸುವುದಿಲ್ಲ. ಆದರೆ ಕೆಲವರಿಗೆ ವೇತನ ಸರಿಯಾಗಿಯೂ ಸಕಾಲದಲ್ಲಿಯೂ ಸಂದಿರಲಿಲ್ಲವೆಂಬುದನ್ನು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೋರಿದ್ದನ್ನೂ ಮರೆಯುವಂತಿಲ್ಲ. ಆ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹಕ್ಕೆ ಸೇರಿತು.

ನರಸಾಪುರದ ಆ ತರುಣರನ್ನು ‘ಅನರ್ಹರು’ ಎನ್ನುವಂತಿಲ್ಲ. ಅವರು ಅರ್ಹರಾಗಿದ್ದರು, ಆಯ್ಕೆಯೂ ಆಗಿದ್ದರು. ತರಬೇತಿ ಸಂಸ್ಥೆಗಳ ಲೆಕ್ಕದಲ್ಲಿ ಅಂಥವರೆಲ್ಲ ‘ಉದ್ಯೋಗ ದೊರೆತವರು’ ಎಂಬ ಅಂಕಣಕ್ಕೆ ಸೇರಿ ಅಲ್ಲಿಗೆ ಕಡತ ಮುಗಿಯುತ್ತದೆ. ದೊರೆತ ಉದ್ಯೋಗ ಯಾರ ಹೆಸರಿನಲ್ಲಿದೆ, ಎಷ್ಟು ದಿನದ್ದು, ಎಷ್ಟು ವೇತನದ್ದು, ಕಲಿತ ವಿದ್ಯೆಗೆ ಅಲ್ಲಿ ಉಪಯೋಗವಿದೆಯೇ ಎಂಬ ಪ್ರಶ್ನೆಗಳಿಗೆ ಆ ಕಡತದಲ್ಲಿ ಜಾಗವಿಲ್ಲ. ನಮ್ಮ ಆಕ್ಷೇಪಣೆಯ ತಿರುಳು ಇದೇ: ಈ ಯೋಜನೆಗಳು ಬಾಗಿಲನ್ನು ಎಣಿಸುತ್ತವೆ, ಮನೆಯನ್ನು ನೋಡುವುದಿಲ್ಲ.

ಹೀಗಾಗಲು ಹಣ ಸಂದಾಯದ ಕ್ರಮವೂ ಒಂದು ಕಾರಣ. ಕೌಶಲ ವಿಕಾಸ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ತರಬೇತಿ ಸಂಸ್ಥೆಗೆ ತಂಡ ಆರಂಭವಾದಾಗ ಶೇಕಡಾ 30, ಅಭ್ಯರ್ಥಿಗೆ ಪ್ರಮಾಣಪತ್ರ ದೊರೆತಾಗ ಶೇಕಡಾ 50, ಅವನು ಕೆಲಸಕ್ಕೆ ಸೇರಿದಾಗ ಕೇವಲ ಶೇಕಡಾ 20 ಪಾವತಿಯಾಗುತ್ತಿತ್ತು. ಅಂದರೆ ಅಭ್ಯರ್ಥಿ ಮನೆಗೆ ಮರಳಿ ಕೈಕಟ್ಟಿ ಕುಳಿತರೂ ಸಂಸ್ಥೆಗೆ ಐದರಲ್ಲಿ ನಾಲ್ಕು ಪಾಲು ಬಂದೇ ಬಂತು. 2015ರಿಂದ 2022ರವರೆಗಿನ ಈ ಯೋಜನೆಯನ್ನು ಪರಿಶೀಲಿಸಿ ಭಾರತದ ಮಹಾಲೇಖಪಾಲರು ಕೊಟ್ಟ ವರದಿ 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂತು. ಅಲ್ಪಾವಧಿ ತರಬೇತಿಯಲ್ಲಿ ಪ್ರಮಾಣಪತ್ರ ಪಡೆದವರ ಪೈಕಿ ಕೆಲಸ ದೊರೆತದ್ದು ಶೇಕಡಾ 41ರಷ್ಟು ಮಂದಿಗೆ ಮಾತ್ರ ಎಂದು ಅದು ಹೇಳುತ್ತದೆ. ಯೋಜನೆಯ ನಾಲ್ಕನೆಯ ಆವೃತ್ತಿಯಲ್ಲಿ ಕೆಲಸ ಕೊಡಿಸುವ ಹೊಣೆಗೂ ತರಬೇತಿಗೂ ಇದ್ದ ಗಂಟನ್ನೇ ಬಿಚ್ಚಿಬಿಡಲಾಗಿದೆ. ಜ್ವರ ಇಳಿಯಲಿಲ್ಲವೆಂದು ಜ್ವರಮಾಪಕವನ್ನು ಪೆಟ್ಟಿಗೆಯಲ್ಲಿಟ್ಟಂತಾಯಿತು.

ಹಾಗಾದರೆ ಹಣವನ್ನೆಲ್ಲ ಫಲಿತಾಂಶಕ್ಕೇ ಕಟ್ಟಿಹಾಕಿದರೆ ಸರಿಹೋಗುವುದೇ? ಅದೂ ಅಷ್ಟು ಸರಳವಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಆರಂಭವಾದ ‘ವರ್ಕ್ ಪ್ರೋಗ್ರಾಮ್’ ಎಂಬ ಯೋಜನೆ ಹೆಚ್ಚಿನ ಹಣವನ್ನು ನಿರುದ್ಯೋಗಿ ಕೆಲಸಕ್ಕೆ ಸೇರಿ ಅಲ್ಲಿ ಉಳಿದ ಮೇಲೆಯೇ ಕೊಡುತ್ತಿತ್ತು. ಅಲ್ಲಿ ಬೇರೊಂದು ದೋಷ ತಲೆಯೆತ್ತಿತು. ಸುಲಭವಾಗಿ ಕೆಲಸ ಸಿಗುವವರನ್ನು ಸಂಸ್ಥೆಗಳು ಮುಂದೆ ತಳ್ಳಿದವು. ಅಂಗವಿಕಲರು, ರೋಗಿಗಳು, ಬಹುಕಾಲ ಕೆಲಸವಿಲ್ಲದವರು ಮೂಲೆಗೆ ಸರಿದರು. ಯಾರಿಗೆ ನೆರವು ಅತ್ಯಗತ್ಯವೋ ಅವರಿಗೇ ಅದು ಕಡಿಮೆಯಾಯಿತು. ಆದುದರಿಂದ ಲೆಕ್ಕದ ಸೂತ್ರವನ್ನು ಬದಲಾಯಿಸುವುದಷ್ಟೇ ಪರಿಹಾರವಲ್ಲ. ತರಬೇತಿಗೂ ಕೆಲಸಕ್ಕೂ ಇರುವ ಸಂಬಂಧವನ್ನೇ ತಿದ್ದಬೇಕಾಗಿದೆ.

ಇಲ್ಲಿ ಉದ್ಯಮಿಗಳ ಪಕ್ಷವನ್ನೂ ಕೇಳುವುದು ನ್ಯಾಯ. ಪದವಿ ಪಡೆದು ಬಂದವನಿಗೆ ಒಂದು ಅಳತೆಯನ್ನು ಸರಿಯಾಗಿ ಓದಲು ಬಾರದು, ಒಂದು ಅರ್ಜಿಯನ್ನು ನೆಟ್ಟಗೆ ಬರೆಯಲು ಬಾರದು, ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸವಿಲ್ಲ ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ, ನಮ್ಮ ಶಾಲಾ ಕಾಲೇಜುಗಳನ್ನು ನಡೆಸುವವರು ತಲೆತಗ್ಗಿಸಿ ಕೇಳಬೇಕಾದ ಮಾತೂ ಹೌದು. ಆದರೆ ಮುಳಬಾಗಿಲು, ಶ್ರೀನಿವಾಸಪುರದ ಗಡಿಗ್ರಾಮದ ಹುಡುಗನ ಸ್ಥಿತಿಯನ್ನೂ ನೋಡಬೇಕು. ಮನೆಯಲ್ಲಿ ಅವನದು ತೆಲುಗು, ಶಾಲೆಯಲ್ಲಿ ಕನ್ನಡ, ಕಾರ್ಖಾನೆಯ ಸಂದರ್ಶನದಲ್ಲಿ ಇಂಗ್ಲಿಷು. ಈ ಮೂರು ಹೊಳೆಗಳನ್ನು ಮೂರು ತಿಂಗಳ ತರಬೇತಿಯಲ್ಲಿ ದಾಟಿಸುತ್ತೇವೆಂಬುದು ಹುಸಿ ಭರವಸೆ. ಎಷ್ಟೋ ಕಡೆ ಅವನಿಗೆ ಕಲಿಸುವುದು ಕೈಕುಲುಕುವ ಬಗೆ, ಸ್ವಪರಿಚಯದ ನಾಲ್ಕು ಇಂಗ್ಲಿಷ್ ವಾಕ್ಯ. ಇದು ವಿದ್ಯೆಯಲ್ಲ, ವೇಷ.

ಇನ್ನು ಈ ತಾಲ್ಲೂಕುಗಳ ಸ್ವಂತ ಸಂಪತ್ತಿನ ಕಡೆಗೆ ತಿರುಗೋಣ. ಶ್ರೀನಿವಾಸಪುರ ಮಾವಿನ ಸೀಮೆ. ಅಲ್ಲಿಯ ತೋತಾಪುರಿ ಹಣ್ಣನ್ನು ತಿರುಳು ಮಾಡುವ ಕಾರ್ಖಾನೆಗಳು ಬಹುಪಾಲು ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿವೆ. 2025ರ ಜೂನ್ ತಿಂಗಳಲ್ಲಿ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿಗೆ ಪ್ರವೇಶ ನಿಷೇಧಿಸಿದಾಗ ಇಲ್ಲಿಯ ರೈತ ದಿಕ್ಕುಗೆಟ್ಟು ಬೀದಿಗಿಳಿದ. ಮರ ನಮ್ಮಲ್ಲಿ, ಹಣ್ಣು ನಮ್ಮಲ್ಲಿ. ಹಣ್ಣನ್ನು ಸರಕಾಗಿಸುವ ಕೆಲಸ ಮಾತ್ರ ನಮ್ಮಲ್ಲಿಲ್ಲ. ಕೋಲಾರ, ಮುಳಬಾಗಿಲುಗಳ ಟೊಮೆಟೊವಿನ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಬೆಲೆ ಬಿದ್ದ ವರ್ಷ ಬೆಳೆ ರಸ್ತೆಯ ಪಾಲು. ಹೀಗಿರಲು ಮಾವಿನ ತೋಟದ ಮಗನನ್ನು ಕರೆದು ಬೆಂಗಳೂರಿನ ಮಳಿಗೆಯಲ್ಲಿ ಬಟ್ಟೆ ಮಡಚುವ ತರಬೇತಿ ಕೊಡುವುದಕ್ಕೆ ಮುಂಚೆ, ಅವನ ಊರಿನ ಹಣ್ಣನ್ನು ಅವನ ಊರಿನಲ್ಲಿಯೇ ಸಂಸ್ಕರಿಸುವ ಕೆಲಸವನ್ನು ಸೃಷ್ಟಿಸಬೇಡವೇ? ಆ ಕೆಲಸ ಹುಟ್ಟಿದರೆ ಅದಕ್ಕೆ ಬೇಕಾದ ವಿದ್ಯೆಯನ್ನು ಕಲಿಯಲು ತರುಣರು ತಾವಾಗಿ ಬರುತ್ತಾರೆ.

ಕೆಲಸ ಮೊದಲು, ಅದರ ಒಡಲಲ್ಲಿಯೇ ಕಲಿಕೆ ಎಂಬ ಈ ಕ್ರಮ ನಮಗೆ ಹೊಸತಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಅಲ್ಲಿ ಹುಡುಗನೊಬ್ಬ ಶಿಲ್ಪಿಯಾಗುವುದು ತರಗತಿಯಲ್ಲಿ ಕುಳಿತಲ್ಲ. ಮೊದಲು ಕಲ್ಲು ಹೊರುತ್ತಾನೆ, ಉಳಿ ಹದಮಾಡುತ್ತಾನೆ, ಪೀಠ ಕಡೆಯುತ್ತಾನೆ. ವರ್ಷಗಳು ಕಳೆದ ಮೇಲೆ ಮುಖ ಬಿಡಿಸುವ ಅಧಿಕಾರ ಪಡೆಯುತ್ತಾನೆ. ಅವನು ಕಲಿಯುವಾಗಲೂ ಕೆಲಸದೊಳಗೇ ಇರುತ್ತಾನೆ. ಇದೇ ತತ್ತ್ವವನ್ನು ಜರ್ಮನಿ ದೇಶ ಆಧುನಿಕ ಕೈಗಾರಿಕೆಗೆ ಅಳವಡಿಸಿಕೊಂಡಿದೆ. ಅಲ್ಲಿಯ ತರುಣ ಮೊದಲು ಉದ್ಯಮಿಯೊಡನೆ ಕರಾರು ಮಾಡಿಕೊಳ್ಳುತ್ತಾನೆ. ಎರಡರಿಂದ ಮೂರೂವರೆ ವರ್ಷ ಭತ್ಯೆ ಪಡೆಯುತ್ತ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ವಾರಕ್ಕೆ ಒಂದೆರಡು ದಿನ ಶಾಲೆಗೆ ಹೋಗುತ್ತಾನೆ. ನಮ್ಮ ದೇಶದಲ್ಲಿಯೂ 1961ರ ಶಿಶಿಕ್ಷು ಕಾಯಿದೆ ಇದಕ್ಕೆ ದಾರಿ ಮಾಡಿದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಮೂರು ವರ್ಷ ಯಂತ್ರದ ಮುಂದೆ ಕಲಿಸಿ, ನಾಲ್ಕನೆಯ ವರ್ಷ ಕಾರ್ಖಾನೆಗೇ ಕಳುಹಿಸುತ್ತದೆ. ಸ್ವಯಂ ಉದ್ಯೋಗದ ವಿಷಯದಲ್ಲಿ 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಸಹಯೋಗದಿಂದ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆ ಒಂದು ಒಳ್ಳೆಯ ಮೇಲ್ಪಂಕ್ತಿ. ಅದರ ತರಬೇತಿ ಕೆಲವೇ ವಾರಗಳದ್ದು. ಆದರೆ ಮುಗಿದ ಮೇಲೆ ಎರಡು ವರ್ಷ ಕಲಿತವನ ಬೆನ್ನ ಹಿಂದೆ ನಿಂತು ಸಾಲ, ಸಲಹೆ, ಧೈರ್ಯಗಳನ್ನು ಒದಗಿಸುವ ಪದ್ಧತಿ ಅದರ ಜೀವಾಳ. ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆಗಳನ್ನು ತೆರೆಯಲು ಅದೇ ಮಾದರಿಯಾಯಿತು.

ಶರಣರಲ್ಲಿ ಎಷ್ಟೋ ಮಂದಿಯನ್ನು ಇಂದಿಗೂ ನಾವು ಅವರ ಕಾಯಕದ ಹೆಸರಿನಿಂದಲೇ ಸ್ಮರಿಸುತ್ತೇವೆ: ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ. ಮಾಡುವವನೂ ಮಾಡುವ ಕೆಲಸವೂ ಅಲ್ಲಿ ಬೇರೆ ಬೇರೆಯಲ್ಲ. ಇಂದಿನ ಗುತ್ತಿಗೆಯ ಕೆಲಸಗಾರನಾದರೋ ಒಬ್ಬರ ಕಾರ್ಖಾನೆಯಲ್ಲಿ ದುಡಿದು, ಇನ್ನೊಬ್ಬರ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು, ಯಾವ ಕಸುಬಿನವನೆಂದು ಕೇಳಿದರೆ ಉತ್ತರಿಸಲಾರದ ಸ್ಥಿತಿಯಲ್ಲಿದ್ದಾನೆ. ಕಾಯಕದ ಮಹಿಮೆಯನ್ನು ವೇದಿಕೆಯ ಮೇಲೆ ಹಾಡಿ ಹೊಗಳಿ, ದುಡಿಯುವವನಿಗೆ ಸಲ್ಲಬೇಕಾದುದನ್ನು ಸಲ್ಲಿಸದಿದ್ದರೆ ಆ ಹೊಗಳಿಕೆಗೆ ಅರ್ಥವಿಲ್ಲ. ಬೆವರಿಗೆ ತಕ್ಕ ಬೆಲೆಯೂ ಕಾಯಕ ಧರ್ಮದ ಅಂಗವೇ ಆಗಿದೆ.

ಸರ್ಕಾರವು ಮಾಡತಕ್ಕದ್ದು ಬಹಳವಿದೆ. ರಾಜ್ಯದ ಯುವನಿಧಿ ಯೋಜನೆಯಲ್ಲಿ 2024ರ ಜನವರಿಯಿಂದ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಗಳನ್ನು ಗರಿಷ್ಠ ಎರಡು ವರ್ಷದ ಮಟ್ಟಿಗೆ ಕೊಡುವ ಕ್ರಮ ಬಂದಿದೆ. ಅರಸುವವನಿಗೆ ಅದು ದಾರಿಯ ಬುತ್ತಿ. ಊರು ಸೇರಿಸುವ ದಾರಿಯಲ್ಲ. ತರಬೇತಿ ಪಡೆದ ಪ್ರತಿಯೊಬ್ಬನೂ ಎರಡು ವರ್ಷದ ನಂತರ ಎಲ್ಲಿದ್ದಾನೆ, ಎಷ್ಟು ಗಳಿಸುತ್ತಿದ್ದಾನೆ ಎಂಬುದನ್ನು ತಾಲ್ಲೂಕುವಾರು ಪ್ರಕಟಿಸುವ ಒಂದೇ ಒಂದು ನಿಯಮ ಬಂದರೂ ಅರ್ಧ ಸುಧಾರಣೆಯಾದೀತು.

ನಮ್ಮ ಭಕ್ತರಲ್ಲಿಯೂ ಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕಾರ್ಖಾನೆಯ ಒಡೆಯರಿದ್ದೀರಿ, ಅಧಿಕಾರಿಗಳಿದ್ದೀರಿ, ತರಬೇತಿ ಸಂಸ್ಥೆ ನಡೆಸುವವರೂ ಇದ್ದೀರಿ. ನಿಮ್ಮಲ್ಲಿಗೆ ಬಂದ ಹುಡುಗನನ್ನು ಗುತ್ತಿಗೆದಾರನ ಪಟ್ಟಿಯ ಒಂದು ಸಂಖ್ಯೆಯೆಂದು ಕಾಣದೆ, ಕನಿಷ್ಠಪಕ್ಷ ಹತ್ತು ಮಂದಿಯಲ್ಲಿ ಒಬ್ಬನನ್ನು ಶಿಶಿಕ್ಷುವಾಗಿ ತೆಗೆದುಕೊಂಡು ಪೂರ್ಣ ಕಸುಬು ಕಲಿಸಿರಿ. ಮಕ್ಕಳನ್ನು ತರಬೇತಿಗೆ ಕಳುಹಿಸುವ ತಂದೆತಾಯಿಗಳು ಸೇರಿಸುವ ಮೊದಲೇ ನಾಲ್ಕು ಪ್ರಶ್ನೆಗಳನ್ನು ಕೇಳಲಿ: ಕೆಲಸ ಕೊಡುವವರು ಯಾರು? ಸಂಬಳದ ಚೀಟಿಯಲ್ಲಿ ಯಾರ ಹೆಸರಿರುತ್ತದೆ? ಕೈಗೆ ಬರುವ ಹಣ ಎಷ್ಟು? ಹೋದ ವರ್ಷ ಇಲ್ಲಿ ಕಲಿತವರು ಈಗ ಎಲ್ಲಿದ್ದಾರೆ? ಸಂಕೋಚವಿಲ್ಲದೆ ಕೇಳಿರಿ, ಉತ್ತರವನ್ನು ಬರೆಸಿಕೊಳ್ಳಿರಿ. ಉತ್ತರ ಕೊಡಬಲ್ಲ ಸಂಸ್ಥೆಗಳೂ ಇವೆ; ಅಂಥವುಗಳಿಗೆ ಮಕ್ಕಳನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಅವರ ಆರು ತಿಂಗಳ ಆಯುಷ್ಯವನ್ನು ಕೊಡಬೇಕಾಗಿಲ್ಲ.