ಯೂ-ಟರ್ನ್ ಹೊಡೆಯೋಕೂ ಜಾಗ ಬೇಕಲ್ಲ!

‘ಫೀಸ್ಟಿ ಫೈಡೊ’ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ತೆಳು ಪುಸ್ತಕ. ಅಮೆರಿಕದ ಪ್ರಾಣಿವರ್ತನೆ ತಜ್ಞೆಯರಾದ ಪೆಟ್ರೀಷಿಯಾ ಮೆಕಾನಲ್ ಮತ್ತು ಕರೆನ್ ಲಂಡನ್ ಇದನ್ನು ಮೊದಲು ತಂದದ್ದು 2003ರಲ್ಲಿ. ಮನೆಯಲ್ಲಿ ಬೆಣ್ಣೆಯಂಥ ನಾಯಿ, ಬೆಲ್ಟ್ ಹಾಕಿ ಹೊರಗೆ ಕರ್ಕೊಂಡು ಹೋದ್ರೆ, ಇನ್ನೊಂದು ನಾಯಿ ಕಂಡೊಡನೆ ಮೈಮೇಲೆ ದೇವರು ಬಂದಹಾಗೆ ಆಡುತ್ತಲ್ಲ, ಅಂಥ ‘ರಿಯಾಕ್ಟಿವ್’ ನಾಯಿ ಸಾಕಿದವರಿಗಾಗಿ ಬರೆದದ್ದು.

ಮರುವರ್ಷವೇ ಟೀವಿಯಲ್ಲಿ ಸೀಸರ್ ಮಿಲಾನ್ ಅವರ ‘ಡಾಗ್ ವಿಸ್ಪರರ್’ ಶುರುವಾಯ್ತು. ಯಜಮಾನ ಯಾರು ಅಂತ ನಾಯಿಗೆ ತೋರಿಸಬೇಕು ಅನ್ನೋದು ಅದರ ತಿರುಳು. ಈ ಪುಸ್ತಕದ ದಾರಿಯೇ ಬೇರೆ. ಬೊಗಳಿ ನುಗ್ಗುವ ನಾಯಿ ಎಷ್ಟೋ ಸಲ ಹೆದರಿರುತ್ತೆ. ಬೆಲ್ಟ್ ಜಗ್ಗಿದರೆ ಅದು ಕಲಿಯೋದು ಇಷ್ಟೇ: ಇನ್ನೊಂದು ನಾಯಿ ಬಂದ್ರೆ ನನ್ನ ಕತ್ತು ನೋಯುತ್ತೆ. ಹಾಗಾಗಿ, ದೂರದಲ್ಲಿ ನಾಯಿ ಕಂಡಾಗಲೇ ನಿಮ್ಮ ಮುಖ ನೋಡೋಕೆ ಕಲಿಸಿ, ನೋಡಿದ್ರೆ ತಿನ್ನೋಕೆ ಕೊಡಿ. ತೀರಾ ಹತ್ತಿರ ಬಂತಾ, ಗಾಬರಿಯಾಗದೆ ಯೂ-ಟರ್ನ್ ಹೊಡೀರಿ. ಇದೆಲ್ಲ ಮೊದಲು ಮನೆಯೊಳಗೆ ಆಟದ ಹಾಗೆ ರೂಢಿಯಾಗಿರಬೇಕು. ರಸ್ತೆಯಲ್ಲಿ ನಾಯಿ ಎದುರಾದಾಗ ಹೇಳಿಕೊಡೋಕೆ ಹೋದ್ರೆ ಪರೀಕ್ಷೆ ಹಾಲ್‌ನಲ್ಲಿ ಪಾಠ ಶುರುಮಾಡಿದ ಹಾಗೆ.

ನನ್ನ ತಕರಾರು ಆ ‘ದೂರ’ದ ಬಗ್ಗೆ. ಪುಸ್ತಕದಲ್ಲಿ ಎದುರಾಗುವ ನಾಯಿಗೂ ಸಾಮಾನ್ಯವಾಗಿ ಒಬ್ಬ ಮಾಲೀಕ, ಒಂದು ಬೆಲ್ಟ್ ಇರುತ್ತೆ. ಬಿಟ್ಟ ನಾಯಿ ನುಗ್ಗಿ ಬಂದ್ರೆ ಅದು ತುರ್ತು ಪರಿಸ್ಥಿತಿ. ಬೆಂಗಳೂರಿನಲ್ಲಿ ಅದೇ ದಿನಚರಿ. ಕ್ರಾಸಿಗೊಂದು ಗುಂಪು, ಫುಟ್‌ಪಾತ್ ಮೇಲೆ ಬೈಕು, ತಿರುಗಿದರೆ ಹಿಂದೆಯೂ ಒಂದು ನಾಯಿ.

ಆದರೆ ಪುಸ್ತಕದಲ್ಲಿಲ್ಲದ ಒಂದು ಅನುಕೂಲ ನಮಗಿದೆ. ಬೀದಿನಾಯಿಗಳಿಗೆ ತಮ್ಮದೇ ಸರಹದ್ದು ಇರುತ್ತೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಅಂತ 2023ರ ಎಬಿಸಿ ನಿಯಮಗಳೂ ಹೇಳುತ್ತವೆ. ಹಾಗಾಗಿ ಯಾವ ತಿರುವಿನಲ್ಲಿ ಯಾರಿರ್ತಾರೆ ಅಂತ ನಾಲ್ಕು ದಿನ ಗಮನಿಸಿದ್ರೆ ಗೊತ್ತಾಗುತ್ತೆ. ಜಾಗದಲ್ಲಿ ಸಿಗದ ದೂರವನ್ನು ವೇಳೆಯಲ್ಲಿ ಹುಡುಕ್ಕೋಬೇಕು. ಅವಕ್ಕೆ ಊಟ ಹಾಕೋ ಹೊತ್ತು ತಪ್ಪಿಸಿ ಹೊರಡೋದು, ನಿಲ್ಲಿಸಿದ ಕಾರಿನ ಮರೆಗೆ ಸರಿಯೋದು, ಲಿಫ್ಟ್ ಬಾಗಿಲು ತೆಗೆದ ತಕ್ಷಣ ಮುಖಾಮುಖಿ ಆಗೋದಕ್ಕಿಂತ ಮೆಟ್ಟಿಲು ಇಳಿಯೋದು.

ಇಷ್ಟು ಮಾಡಿದ್ರೂ ಕೆಲವು ದಿನ ಎಡವಟ್ಟಾಗುತ್ತೆ. ‘ನಿಮ್ಮ ನಾಯಿಗೆ ಟ್ರೈನಿಂಗ್ ಕೊಡಿಸಿಲ್ವಾ?’ ಅಂತ ಪಕ್ಕದ ಫ್ಲಾಟಿನವರು ಕೇಳ್ತಾರೆ. ಆ ಮುಜುಗರಕ್ಕೇ ವಾಕಿಂಗ್ ನಿಲ್ಲಿಸೋರಿದ್ದಾರೆ, ನಾಯಿಯನ್ನೇ ಯಾರಿಗೋ ಕೊಟ್ಟುಬಿಡೋರೂ ಇದ್ದಾರೆ. ಅರ್ಧ ದಾರಿಯಿಂದ ತಿರುಗಿ ಬರೋದೂ ಒಂದು ವಿದ್ಯೆ ಅಂತ ಈ ಪುಸ್ತಕ ಧೈರ್ಯ ಹೇಳುತ್ತೆ. ಅಷ್ಟಕ್ಕಾದ್ರೂ ಓದಿ. ನಿಮ್ಮ ಬೀದಿಯ ನಕ್ಷೆ ಮಾತ್ರ ನೀವೇ ಬರ್ಕೋಬೇಕು.