ದತ್ತಾವಸರ ಲೇಖಕನ ಗುಣದೋಷಗಳು: ಸುರಪುರದ ಟೇಲರ ಸಾಹೇಬನ ಆತ್ಮಚರಿತ್ರೆ

ಲೇಖಕನು ಯಾವ ಹೊತ್ತಿನಲ್ಲಿ ಓದಬೇಕು, ಯಾವ ಹೊತ್ತಿನಲ್ಲಿ ಬರೆಯಬೇಕು, ಬರೆದುದನ್ನು ಎಂದು ತಿದ್ದಬೇಕು ಎಂಬ ವಿಚಾರವು ನಮ್ಮ ಆಲಂಕಾರಿಕರಿಗೆ ಹೊಸದಲ್ಲ. ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ಹಗಲನ್ನು ನಾಲ್ಕು ಯಾಮಗಳಾಗಿ ವಿಭಾಗಿಸಿ, ಮೊದಲನೆಯದು ವಿದ್ಯಾಭ್ಯಾಸಕ್ಕೆ, ಎರಡನೆಯದು ರಚನೆಗೆ, ಭೋಜನಾನಂತರದ ಮೂರನೆಯದು ಕಾವ್ಯಗೋಷ್ಠಿಗೆ, ನಾಲ್ಕನೆಯದು ಬರೆದುದರ ಪರೀಕ್ಷೆಗೆ ಎಂದು ವಿಧಿಸಿರುವನು. ಅಷ್ಟರಲ್ಲಿಯೇ ನಿಲ್ಲದೆ, ಬರೆಯುವ ರೂಢಿಗೆ ತಕ್ಕಂತೆ ಕವಿಗಳಲ್ಲಿ ಭೇದಗಳನ್ನೂ ಹೇಳಿರುವನು. ಲೋಕದಿಂದ ಮರೆಯಾಗಿ ಗುಹೆಯನ್ನು ಹೊಕ್ಕು ಬರೆಯುವವನು ಅಸೂರ್ಯಂಪಶ್ಯನು. ಸೇವಾದಿ ಕಾರ್ಯಗಳಿಗೆ ಭಂಗ ತಾರದೆ, ಉಳಿದ ಅವಕಾಶದಲ್ಲಿ ಬರೆಯುವವನು ದತ್ತಾವಸರನು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಲೇಖನಿ ಹಿಡಿದವರು ಬಹುಶಃ ಈ ಎರಡನೆಯ ಪಂಗಡದವರೇ. ಪಾಠಶಾಲೆಯ ಗಂಟೆಗೂ ಕಚೇರಿಯ ದಫ್ತರಕ್ಕೂ ಸಲ್ಲಬೇಕಾದುದು ಸಂದ ಮೇಲೆಯೇ ಅವರ ಕಾಗದವು ತೆರೆಯುವದು. ಆದಕಾರಣ ಈ ಪಂಗಡದ ಲಾಭವೇನು, ಅಪಾಯವೇನು ಎಂಬುದನ್ನು ಒಂದು ಪ್ರಸಿದ್ಧ ದೃಷ್ಟಾಂತದಿಂದ ಪರೀಕ್ಷಿಸುವದು ಯುಕ್ತವು.

ಆ ದೃಷ್ಟಾಂತವು ದೂರದ್ದಲ್ಲ. ಸುರಪುರದ ಗುಡ್ಡದ ಮೇಲಿನ ‘ಟೇಲರ್ ಮಂಜಿಲ್’ ಯಾರ ಹೆಸರನ್ನು ಹೊತ್ತಿರುವದೋ, ಆ ಫಿಲಿಪ್ ಮೆಡೋಸ್ ಟೇಲರನು (1808-1876) ನಿಜಾಮ ಸರಕಾರದ ಸೈನ್ಯಸೇವೆಯಲ್ಲಿದ್ದು, 1841ರಲ್ಲಿ ಸುರಪುರಕ್ಕೆ ಬಂದನು. ಅರಸ ಕೃಷ್ಣಪ್ಪ ನಾಯಕನು ತೀರಿದ ಬಳಿಕ, ಬಾಲಕನಾದ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತವನ್ನು ನಡೆಸಿದನು. ಈ ಉದ್ಯೋಗದ ನಡುವೆಯೇ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬಾತ್ಮೀದಾರನಾಗಿದ್ದನು. ರಾಜನಕೋಳೂರು ಮೊದಲಾದೆಡೆಯ ಪ್ರಾಚೀನ ಕಲ್ಲುಗೋರಿಗಳನ್ನು ಶೋಧಿಸಿ, ಆ ವಿಷಯವಾಗಿಯೂ ಬರೆದನು.

ದತ್ತಾವಸರನಿಗೆ ದೊರೆಯುವ ಮೊದಲನೆಯ ಲಾಭವೆಂದರೆ ವಸ್ತು. ಶಕ್ತಿಯೊಂದೇ ಸಾಲದು, ಲೋಕವನ್ನು ಕಂಡು ಬಂದ ನಿಪುಣತೆಯೂ ಅಭ್ಯಾಸವೂ ಬೇಕೆಂದು ಮಮ್ಮಟನು ಹೇಳುವನಷ್ಟೆ. ಟೇಲರನಿಗೆ ಆ ಲೋಕವನ್ನು ಉದ್ಯೋಗವೇ ತೋರಿಸಿತು. ಠಕ್ಕರ ಹೇಳಿಕೆಗಳನ್ನು ಕೇಳಿದ ಅನುಭವದಿಂದ 1839ರ ‘ಕನ್ಫೆಷನ್ಸ್ ಆಫ್ ಎ ಥಗ್’ ಹುಟ್ಟಿತು. ತುಳಜಾಪುರ, ವಿಜಾಪುರಗಳ ಪರಿಚಯವು ‘ತಾರಾ’ (1863) ಎಂಬ ಕಾದಂಬರಿಗೆ ನೆಲೆಯಾಯಿತು. ಇದೂ, ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಎಂಬ ಇನ್ನೆರಡೂ ಕ್ರಮವಾಗಿ 1657, 1757, 1857ನೆಯ ವರುಷಗಳ ಕಥೆಗಳು. ಮೂರೂ ಸೇವಾನಿವೃತ್ತಿಯ ತರುವಾಯ ಪ್ರಕಟವಾದವು. ಹಗಲೆಲ್ಲ ಕಂಡುದು ವ್ಯರ್ಥವಾಗಲಿಲ್ಲ. ಬೀಜವು ಕಣಜದಲ್ಲಿದ್ದು ಹದವಾದ ಮಳೆಗೆ ಮೊಳೆಯಿತು.

ಅಪಾಯವು ಕಾಣುವದು ಅವನ ಆತ್ಮಚರಿತ್ರೆಯಲ್ಲಿ. ಅವನು ತೀರಿದ ಮರುವರುಷ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಹೊರಬಂದ ಈ ಗ್ರಂಥದ ಸುರಪುರದ ಭಾಗವೇ ಅತ್ಯಂತ ಹೃದ್ಯವಾದುದು. ಬಾಲರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುವನು. ಅರಸನಿಗೆ 24ನೆಯ ವರುಷದಲ್ಲಿ ಮರಣವೆಂಬ ಜಾತಕಫಲವು ಕಿವಿಗೆ ಬೀಳುವದು. 1858ರ ಬಂಡಾಯವು ಮುರಿದ ಮೇಲೆ ಸೆರೆಯಲ್ಲಿ ಇಬ್ಬರ ಭೇಟಿಯಾಗುವದು. ಶಿಕ್ಷೆಯು ನಾಲ್ಕು ವರುಷದ ಬಂಧನಕ್ಕೆ ಇಳಿದರೂ, ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅರಸನು ಮಡಿಯುವನು. ಜಾತಕವು ನಿಜವಾಯಿತು! ಇಲ್ಲಿ ವಾಚಕನ ಕಣ್ಣು ನೀರಾಡುವದು ಸಹಜವೇ. ಆದರೆ ವಿಮರ್ಶಕನು ಕಣ್ಣೊರಸಿಕೊಂಡು ಕೇಳಬೇಕಾದ ಪ್ರಶ್ನೆಯೊಂದುಂಟು. ವಿಧಿಯ ಮೇಲೆ ಭಾರ ಹಾಕಿದ ಕಥೆಯಲ್ಲಿ ರಾಜ್ಯನೀತಿಯ ಹೊಣೆಯು ಎಲ್ಲಿ ಹೋಯಿತು? ಅರಸನು ತೊಡಗಿದ ಹೋರಾಟಕ್ಕೆ ಅವನದೇ ಕಾರಣಗಳಿರಲಿಲ್ಲವೆ? ಕರುಣರಸವು ತುಂಬಿ ಹರಿದಲ್ಲಿ ಆ ವಿಚಾರವು ಮುಳುಗಿಹೋಗಿರುವದು.

ಕೌತುಕವೆಂದರೆ, ಇದೇ ಲೇಖಕನು ತನ್ನ ಮೊದಲ ಕೃತಿಯಲ್ಲಿ ಇದಕ್ಕಿಂತ ಉದಾರನಾಗಿದ್ದನು. ಅಲ್ಲಿ ಕೊಲೆಗಾರ ಅಮೀರ ಅಲಿಯೇ ತನ್ನ ಕಥೆಯನ್ನು ತಾನೇ ಹೇಳುವನು. ಕೇಳುವ ಸಾಹೇಬನು ಬಹುಮಟ್ಟಿಗೆ ಮೌನಿ. ಆ ಸಂಯಮವೇ ಆ ಗ್ರಂಥದ ಪ್ರಾಣ. ಠಕ್ಕನಿಗೆ ಇಡೀ ಪುಸ್ತಕದ ಮಾತನ್ನು ಕೊಟ್ಟವನು, ಮಗನೆಂದು ಸಾಕಿದ ಅರಸನಿಗೆ ಸೆರೆಮನೆಯ ಕೆಲವು ಮಾತುಗಳನ್ನಷ್ಟೇ ಕೊಟ್ಟನು, ಅವನ್ನೂ ತಾನೇ ವರದಿಮಾಡಿ. ಕಲ್ಪಿತ ಕಥೆಯಲ್ಲಿ ಅವಸರವು ಲೇಖಕನದಾಗಿತ್ತು. ಆತ್ಮಚರಿತ್ರೆಯಲ್ಲಿ ಅದು ಧಣಿಯು ದತ್ತಮಾಡಿದ ಅವಸರವಾಯಿತು. ಇದರಿಂದ ಟೇಲರನು ಸುಳ್ಳುಗಾರನೆಂದು ಸಿದ್ಧವಾಗದು. ಅವನ ವಾತ್ಸಲ್ಯವು ಕೃತಕವೆನ್ನಲೂ ಆಧಾರವಿಲ್ಲ. ಆದರೆ ವಾತ್ಸಲ್ಯವಿದ್ದ ಸಾಕ್ಷಿಯೂ ಒಂದು ಪಕ್ಷದ ಸಾಕ್ಷಿಯೇ.

1860ರಲ್ಲಿ ಸುರಪುರವು ನಿಜಾಮನ ಕೈಸೇರಿತು, ಸಂಸ್ಥಾನವು ಅಳಿಯಿತು. ಟೇಲರನ ಪುಸ್ತಕವು ಉಳಿಯಿತು. ಬರೆದವನ ಮಾತೇ ಬಾಳುವದೆಂಬುದು ಲೇಖನವೃತ್ತಿಯ ಮಹಿಮೆಯೂ ಹೌದು, ಭಯವೂ ಹೌದು. ಇಂದು ಈ ಸೀಮೆಯ ದತ್ತಾವಸರರು ಟೇಲರನಿಂದ ಕಲಿಯತಕ್ಕದ್ದು ಎರಡು. ದಿನದ ದುಡಿಮೆಯಲ್ಲಿ ಕಂಡುದನ್ನು ಬಿಡದೆ ಕೂಡಿಡುವದು ಒಂದು. ಉಂಡ ಮನೆಯ ಋಣವು ಲೇಖನಿಯನ್ನು ಎಲ್ಲಿ ತಿರುಗಿಸುತ್ತಿರುವದೆಂದು ನಾಲ್ಕನೆಯ ಯಾಮದಲ್ಲಿ ಕುಳಿತು ಪರೀಕ್ಷಿಸುವದು ಇನ್ನೊಂದು. ಮನೆಗಳ ಅಟ್ಟದ ಮೇಲಿನ ಹಳೆಯ ಕಡತಗಳನ್ನೂ ಹಿರಿಯರ ನಾಲಗೆಯ ಮೇಲಿನ ಮಾತುಗಳನ್ನೂ ಬಲ್ಲವರು ಬರೆದಿಡದಿದ್ದರೆ, ವೆಂಕಟಪ್ಪ ನಾಯಕನ ಕಥೆಯು ಟೇಲರನ ಕಥೆಯಾಗಿಯೇ ಉಳಿಯುವದು.