ಯಂತ್ರ ಯಾರದು, ಮೆಟ್ಟುಗತ್ತಿ ಯಾರದು?

1913ರಲ್ಲಿ ಅಂಬೇಡ್ಕರ್ ಓದಲು ಹೋದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಅದೇ ವರ್ಷ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಸಂದರ್ಶಕ ಪ್ರಾಧ್ಯಾಪಕನಾಗಿ ಬಂದಿದ್ದ. ಒಬ್ಬ ಬಂಡವಾಳಶಾಹಿಯ ಚಲನೆಯನ್ನು ವಿವರಿಸಿದ. ಇನ್ನೊಬ್ಬರು ಜಾತಿಯ ಜಡತೆಯನ್ನು ಬಯಲಿಗೆಳೆದರು. ಇಬ್ಬರನ್ನೂ ಒಟ್ಟಿಗೆ ಓದುವ ತುರ್ತು ನಮ್ಮ ಮಲೆನಾಡಿಗಿದೆ ಅಂತ ನನಗನ್ನಿಸುತ್ತದೆ.

ಶುಂಪೀಟರನ ಉದ್ಯಮಿ ಹಣವಂತನೇ ಆಗಿರಬೇಕಿಲ್ಲ. ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆಯನ್ನು ತರುವವನು ಆತ. ಹಣವನ್ನು ಬ್ಯಾಂಕು ಸಾಲ ಕೊಡುತ್ತದೆ. ಹೀಗೆ ಹೊಸದು ಹಳೆಯದನ್ನು ಕೆಡವುತ್ತಾ ಹೋಗುವುದನ್ನು ಆತ 1942ರಲ್ಲಿ ‘ಸೃಜನಶೀಲ ವಿನಾಶ’ ಎಂದು ಕರೆದ. ಹುಟ್ಟಿಗೆ ಇಲ್ಲಿ ಬೆಲೆಯಿಲ್ಲ ಅನ್ನುವುದೇ ಈ ವಿಚಾರದ ಸೆಳೆತ. 2005ರಲ್ಲಿ ಪುಣೆಯಲ್ಲಿ ದಲಿತ ಉದ್ಯಮಿಗಳ ವಾಣಿಜ್ಯ ಮಂಡಳಿ ಶುರುವಾದ ಮೇಲೆ, ನಾವು ಕೆಲಸ ಕೊಡುವವರಾಗಬೇಕು ಎಂಬ ಮಾತು ನಮ್ಮ ಹುಡುಗರಿಗೂ ಹಿಡಿಸಿದೆ. ಆ ಆಸೆಯನ್ನು ನಾನು ಲೇವಡಿ ಮಾಡಲಾರೆ.

ಆದರೆ ಗೆಳೆಯರೆ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ಅಂಗಳಕ್ಕೆ ಬನ್ನಿ. ಕೊಯ್ಲು ಬಂತೆಂದರೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸರಿರಾತ್ರಿವರೆಗೂ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು, ಸುಲಿದಷ್ಟಕ್ಕೆ ಕೂಲಿ. ನೆಲವಿಲ್ಲದ ದಲಿತ ಹೆಂಗಸರೂ ಅವರೊಳಗಿದ್ದರು. ಈಗ ಸುಲಿಯುವ ಯಂತ್ರ ಬಂದಿದೆ. ಶುಂಪೀಟರ್ ಹೇಳಿದ ಹೊಸ ವಿಧಾನ ಅಂದರೆ ಇದೇ. ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ನೋಯುವ ಬೆನ್ನನ್ನು, ಚೊಗರು ಹತ್ತಿ ಕಪ್ಪಾದ ಬೆರಳನ್ನು ಸಂಸ್ಕೃತಿಯೆಂದು ಹಾಡಿಹೊಗಳುವುದು ಕೂತು ತಿನ್ನುವವರ ಕೆಲಸ. ನನ್ನ ತಕರಾರು ಬೇರೆ: ಆ ಯಂತ್ರಕ್ಕೆ ಸಾಲ ಯಾರಿಗೆ ಸಿಗುತ್ತದೆ?

ಸಾಲ ಕೇಳಿದರೆ ಪಹಣಿ ತನ್ನಿ ಅನ್ನುತ್ತಾರೆ. ಪಹಣಿಗೊಂದು ಚರಿತ್ರೆಯಿದೆ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ದೀವರ ಗೇಣಿದಾರರು ಭೂಮಾಲೀಕರ ಕೊಳಗದ ಅಳತೆಯ ವಿರುದ್ಧ ಎದ್ದು ನಿಂತರು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಇದು ದೊಡ್ಡ ಗೆಲುವೇ. ಆದರೆ ಗೇಣಿಯ ಹಕ್ಕಿನ ಮೇಲೆ ನಿಂತ ಆ ಗೆಲುವು, ಗೇಣಿಯೂ ಇಲ್ಲದೆ ಬರೀ ಕೂಲಿಯಾಗಿದ್ದವರ ಗುಡಿಸಲ ತನಕ ಅಷ್ಟಾಗಿ ಬರಲಿಲ್ಲ. ಅವರ ಮೊಮ್ಮಗಳು ಎಷ್ಟೇ ಚುರುಕಿನವಳಾದರೂ ಬ್ಯಾಂಕಿನ ಮೇಜಿನ ಮೇಲೆ ಇಡಲು ಅವಳಲ್ಲಿ ಕಾಗದವಿಲ್ಲ.

ಜಾತಿಯು ಶ್ರಮವನ್ನಷ್ಟೇ ಅಲ್ಲ, ಶ್ರಮಿಕರನ್ನೇ ಮೇಲುಕೀಳಾಗಿ ಒಡೆಯುತ್ತದೆ ಎಂದು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ವಾದಿಸಿದರು. ಹಾಗೆ ಒಡೆದ ಊರಲ್ಲಿ ಸೃಜನ ಒಂದು ಕೇರಿಗೆ, ವಿನಾಶ ಇನ್ನೊಂದು ಕೇರಿಗೆ ಹೋಗುತ್ತದೆ. ಶುಂಪೀಟರನ ಲೆಕ್ಕದ ಪುಸ್ತಕದಲ್ಲಿ ಈ ಎರಡು ಕೇರಿಗಳಿಗೆ ಬೇರೆ ಬೇರೆ ಪುಟಗಳಿಲ್ಲ.

ಹಾಗಾಗಿ ನಾವು ಕೇಳಬೇಕಾದ್ದು ಇಷ್ಟು: ನೆಲದ ಅಡಮಾನ ಕೇಳದ ಸಾಲ, ಮತ್ತು ಅಡಿಕೆ ಸುಲಿದ ಹೆಂಗಸರ ಸಂಘಕ್ಕೇ ಯಂತ್ರದ ಒಡೆತನ. ಉದ್ಯಮಶೀಲತೆಯ ಭಾಷಣ ಮಾಡುವವರು ಮೊದಲು ಈ ಬೇಡಿಕೆಗೆ ದನಿಗೂಡಿಸಲಿ.